ನಮ್ಮವರ ಕ್ಲಚ್ ಪ್ಲೇಟು

ಕ್ಲಚ್ ಪ್ಲೇಟು ನೋಡಿದರೆ ಡ್ರೈವರ್ ಎಂಥವನೆಂದು ನಾನು ಹೇಳಬಲ್ಲೆ. ಶಾಲೆಯಲ್ಲಿ ಹೆಸರು ಬರೆಯುವಷ್ಟು ಕಲಿತೆ. ಇದನ್ನು ಕೈಯಿಂದ ಕಲಿತೆ.

ನಾಸಿಕದಲ್ಲಿ, ಪಂಚವಟಿ ದಾಟಿ ಲಾರಿಗಳು ನಿಲ್ಲುವ ಕಡೆ ಒಂದು ಗ್ಯಾರೇಜಿತ್ತು. ಅಲ್ಲಿ ಹನ್ನೊಂದು ವರ್ಷ ಹಳೆ ಪ್ಲೇಟುಗಳ ರಿವೆಟ್ ಒಡೆದು, ಸವೆದ ಪಟ್ಟಿ ಕಿತ್ತು, ಹೊಸ ಪಟ್ಟಿ ಕೂರಿಸಿದೆ. ಆ ಧೂಳು ಇನ್ನೂ ಎದೆಯಲ್ಲಿದೆ, ಕೆಮ್ಮಿದಾಗ ಗೊತ್ತಾಗುತ್ತದೆ. ನಾವು ಬೀದರ ಕಡೆಯವರು. ನಮ್ಮವರು, ಅಂದರೆ ನನ್ನ ಗಂಡ, ಲಾರಿ ಡ್ರೈವರ್. ಲಾಸಲಗಾಂವಿನಿಂದ ಉಳ್ಳಾಗಡ್ಡಿ ತುಂಬಿ ಔರಂಗಾಬಾದಿಗೆ ಒಯ್ಯುತ್ತಿದ್ದರು. ಈಗ ಅದಕ್ಕೆ ಸಂಭಾಜಿನಗರ ಅನ್ನುತ್ತಾರೆ. ಆಗಷ್ಟೇ ಡ್ರೈವರುಗಳ ಜೇಬಿಗೆ ಮೊಬೈಲು ಬಂದಿತ್ತು.

ಒಳ್ಳೆಯ ಡ್ರೈವರ್ ಕ್ಲಚ್ಚನ್ನು ಪೂರ್ತಿ ತುಳಿಯುತ್ತಾನೆ, ಗೇರ್ ಬಿದ್ದೊಡನೆ ಕಾಲು ತೆಗೆದು ಪಕ್ಕಕ್ಕೆ ಇಡುತ್ತಾನೆ. ಅವನ ಪ್ಲೇಟು ಎಲ್ಲ ಕಡೆ ಒಂದೇ ಸಮ ಸವೆದಿರುತ್ತದೆ. ಕಾಲನ್ನು ಪೆಡಲ್ ಮೇಲೆಯೇ ಬಿಡುವವನ ಪ್ಲೇಟು ಗಾಜಿನಂತೆ ಹೊಳೆಯುತ್ತದೆ, ಸುಟ್ಟ ವಾಸನೆ ಹೊಡೆಯುತ್ತದೆ. ಅರ್ಧ ತುಳಿಯುವವನು ಗೇರಿನ ಹಲ್ಲು ತಿನ್ನುತ್ತಾನೆ. ಆ ಹಳೆ ಲಾರಿಗಳಲ್ಲಿ ಗೇರ್ ಇಳಿಸಲು ಎರಡು ಸಲ ತುಳಿಯಬೇಕು. ಒಮ್ಮೆ ತುಳಿದು ನ್ಯೂಟ್ರಲ್ ಮಾಡಿ, ಕಾಲು ಬಿಟ್ಟು ರೇಸ್ ಕೊಟ್ಟು, ಮತ್ತೆ ತುಳಿದರೆ ಕೆಳಗಿನ ಗೇರ್ ಬೀಳುತ್ತದೆ. ನಮ್ಮವರು ಮೂವತ್ತು ವರ್ಷ ಹಾಗೆಯೇ ತುಳಿದವರು.

ಗ್ಯಾರೇಜಿನಲ್ಲಿ ಒಂದು ರಿವಾಜಿತ್ತು. ಪ್ಲೇಟು ಯಾರ ಕಾಲಿನಿಂದ ಸುಟ್ಟಿತೆಂದು ಲಾರಿ ಮಾಲೀಕರಿಗೆ ಹೇಳುವಂತಿಲ್ಲ. ಹೇಳಿದರೆ ಡ್ರೈವರುಗಳು ಲಾರಿಯನ್ನು ಬೇರೆ ಗ್ಯಾರೇಜಿಗೆ ಹೊಡೆಯುತ್ತಾರೆ. ಮಾಲೀಕ ಕೇಳಿದರೆ ಪ್ಲೇಟಿನ ಮಾಲು ಹಳೆಯದಾಗಿತ್ತು ಅನ್ನಬೇಕು. ನಾನೂ ಎಷ್ಟೋ ಸಲ ಅಂದಿದ್ದೇನೆ.

ನಮ್ಮವರ ಪ್ಲೇಟು ಎರಡು ಮೂರು ವರ್ಷ ತಡೆಯುತ್ತಿತ್ತು. ಆ ವರ್ಷ ದೀಪಾವಳಿಗೆ ಒಂದು ಬಂತು, ಸಂಕ್ರಾಂತಿಗೆ ಒಂದು, ಹೋಳಿ ಹುಣ್ಣಿಮೆಗೆ ಮತ್ತೊಂದು.

"ಮನಿ ಕೆಲ್ಸ ಸಾಲಂಗಿಲ್ಲಂತ ನಿಮ್ಮೋರು ಇಲ್ಲಿಗೂ ಕೆಲ್ಸ ಕಳಸ್ಲತ್ತಾರ ನೋಡ್ರಿ ಅಕ್ಕಾ" ಎಂದು ಗ್ಯಾರೇಜು ನಡೆಸುವ ಮಿಸ್ತ್ರಿ ನಕ್ಕ. ಅವನೂ ನಮ್ಮ ಕಡೆಯವನೇ, ಕಲಬುರಗಿಯವ.

ನನಗೆ ನಗು ಬರಲಿಲ್ಲ. ಪಟ್ಟಿ ಕರಕಲಾಗಿತ್ತು. ಗೇರ್ ಡಬ್ಬಿ ಬಿಚ್ಚಿದರೆ ಹಲ್ಲುಗಳ ತುದಿ ಇಲಿ ಕಡಿದಂತಿತ್ತು. ಇದು ಸೋಮಾರಿತನದ್ದಲ್ಲ. ನಮ್ಮವರಿಗೆ ಶುಗರ್ ಇತ್ತು. ಗುಳಿಗೆ ನುಂಗಿದ ದಿನ ನುಂಗಿದರು, ಬಿಟ್ಟ ದಿನ ಬಿಟ್ಟರು.

ಮರುದಿನ ಮಧ್ಯಾಹ್ನ ಅವರು ಎಡಗಾಲು ಚಾಚಿ ಊಟಕ್ಕೆ ಕೂತಿದ್ದರು. ನಾನು ಪಕ್ಕದಲ್ಲಿ ಕೌದಿ ಹೊಲಿಯುತ್ತಿದ್ದೆ. ಸೂಜಿಯನ್ನು ಅವರ ಅಂಗಾಲಿಗೆ ಚುಚ್ಚಿದೆ. ಅವರು ಚಟ್ನಿ ಕೇಳಿದರು. ಇನ್ನಷ್ಟು ಒತ್ತಿದೆ. ರಕ್ತ ಬಂತು.

"ಏನ್ ನೋಡ್ಲತ್ತಿ?"

"ನಿಮ್ಮ ಕಾಲ್ ನೋಡ್ಕೋರಿ."

ನೋಡಿದರು. ಸೂಜಿ ನೆಟ್ಟಗೆ ನಿಂತಿತ್ತು.

"ಎಷ್ಟ್ ದಿನಾತು?" ಎಂದೆ.

"ಗಣಪತಿ ಹಬ್ಬದಿಂದ. ಪೆಡಲ್ ಎಲ್ಲದ ಅಂತೇ ತಿಳಿಯಂಗಿಲ್ಲ. ಆದ್ರ ಇಂಜಿನ್ ಸದ್ದ್ ಕೇಳಿ ಕ್ಲಚ್ ಇಲ್ದೇನೇ ಗೇರ್ ಹಾಕ್ತೀನಿ. ಈ ನಾಸಿಕದಾಗ ಇನ್ಯಾವ್ ಮಗ ಹಾಕ್ತಾನ ಹೇಳು."

"ಸಪಾಟ ರಸ್ತಾದಾಗ ಹಾಕ್ತೀರಿ. ಘಾಟಿನ್ಯಾಗ?"

ಅವರು ಸೂಜಿ ಕಿತ್ತು ನನ್ನ ಕೈಗೆ ಕೊಟ್ಟರು. ಮುಂದಿನ ಸೋಮವಾರದಿಂದ ಅವರು ಔರಂಗಾಬಾದಿನಲ್ಲಿ ಕಬ್ಬಿಣ ತುಂಬಿ ಧುಳೆಗೆ ಹೋಗಬೇಕಿತ್ತು. ನಡುವೆ ಬೆಟ್ಟ ಇಳಿಯುವ ದೊಡ್ಡ ಘಾಟು. ಇಳಿಯುವಾಗ ನ್ಯೂಟ್ರಲ್‌ಗೆ ಬಂದ ಗೇರ್ ಮತ್ತೆ ಬೀಳದಿದ್ದರೆ ಹಿಂದಿನ ಕಬ್ಬಿಣವೇ ಲಾರಿಯನ್ನು ದೂಡಿಕೊಂಡು ಹೋಗುತ್ತದೆ. ಬರಿಯ ಬ್ರೇಕು ನಾಲ್ಕು ತಿರುವಿಗೆ ಸುಟ್ಟು ಕೈಬಿಡುತ್ತದೆ. ಇದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಮಾಲೀಕಗ ನೀವೇ ಹೇಳ್ರಿ."

"ಹೇಳಿ ಏನ್ ಮಾಡ್ಲಿ? ಗೇಟ್ ಕಾಯ್ಲಾ? ಚಟ್ನಿ ಹಾಕು."

ಹಾಕಿದೆ. ಶನಿವಾರ ಆ ಪ್ಲೇಟನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಲಾರಿ ಮಾಲೀಕನ ಆಫೀಸಿಗೆ ಹೋದೆ. ಇದನ್ನು ಸುಟ್ಟ ಕಾಲಿಗೆ ಜೀವವಿಲ್ಲ, ನಮ್ಮವರಿಂದ ಚಾವಿ ತಗೊಳ್ಳಿ ಎಂದು ನನ್ನ ಅರೆಬರೆ ಮರಾಠಿಯಲ್ಲಿ ಹೇಳಿದೆ. ಮಾಲೀಕ ಅವರನ್ನು ಕರೆಸಿದ, ಉಳಿದ ಡ್ರೈವರುಗಳ ಎದುರಿಗೇ ಕೈ ಚಾಚಿದ. ಅವರು ಚಾವಿ ಮೇಜಿನ ಮೇಲಿಟ್ಟರು.

"ಏ, ಹೆಂಡ್ತೀನೇ ಚಾವಿ ಕಸ್ಗೊಂಡ್ಳಲ್ಲೋ!" ಎಂದನೊಬ್ಬ ನಮ್ಮ ಕಡೆಯವ. "ಇನ್ನ್ ಮ್ಯಾಲ ಸೀರಿ ನೀ ಉಟ್ಕೊ, ಲಾರಿ ಆಕಿ ಹೊಡೀಲಿ."

ಮನೆಯ ದಾರಿಯಲ್ಲಿ ಅವರು ಒಂದೇ ಮಾತು ಆಡಿದರು. "ಊರ್ ಮಂದಿ ಪ್ಲೇಟ್ ನೋಡಿ ಬಾಯಿ ಮುಚ್ಕೊಂಡಿದ್ದಿ. ನಂದಷ್ಟೇ ಹೇಳ್ದಿ."

"ಹೌದು, ನಿಮ್ದಷ್ಟೇ" ಎಂದೆ. ಸುಳ್ಳೇನು ಹೇಳುವುದು?

ಸೋಮವಾರ ಮಿಸ್ತ್ರಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದ. "ಬರಬ್ಯಾಡ್ರಿ ಅಕ್ಕಾ. ಸ್ವಂತ ಗಂಡನ್ನೇ ಬಿಡ್ಲಿಲ್ಲ, ನಮ್ಮನ್ನ ಬಿಡ್ತಾಳಾ ಅಂತ ಕೇಳ್ಲತ್ತಾರ." ಅವತ್ತೇ ಬೇರೆ ಡ್ರೈವರ್ ಕಬ್ಬಿಣದ ಲಾರಿ ಒಯ್ದ. ಘಾಟು ಇಳಿದು ಸುಖವಾಗಿ ಬಂದ. ಆಮೇಲೂ ಬರುತ್ತಲೇ ಇದ್ದ. ಲಾರಿ ಬಂದ ದಿನವೆಲ್ಲ ನಮ್ಮವರು ನನ್ನ ಮುಖ ನೋಡುತ್ತಿದ್ದರು.

ಯುಗಾದಿಯ ಹೊತ್ತಿಗೆ ಸೂಜಿ ಚುಚ್ಚಿದ ಜಾಗ ಕಪ್ಪಾಗಿ ಕೀವು ಸೋರಿತು. ಸರ್ಕಾರಿ ದವಾಖಾನೆಯ ಡಾಕ್ಟರು ಕಾಲನ್ನು ಬೆಳಕಿಗೆ ತಿರುಗಿಸಿ, ಗಾಯ ಹೇಗಾಯಿತೆಂದು ಮರಾಠಿಯಲ್ಲಿ ಕೇಳಿದರು. ನಾನು ಅಲ್ಲೇ ಮಂಚದ ಬದಿಗೆ ನಿಂತಿದ್ದೆ. ನಮ್ಮವರು ನನ್ನ ಕಡೆ ಒಮ್ಮೆ ನೋಡಿದರು. ಲಾರಿಯಲ್ಲಿ ಮೊಳೆ ತುಳಿದೆ ಅಂದರು. ಡಾಕ್ಟರು ಹಾಗೆಯೇ ಬರೆದುಕೊಂಡರು.

ನಾನು ಬಾಯಿ ಬಿಡಲಿಲ್ಲ. ಎಂಟನೆಯ ದಿನ ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು.