ಎರಡನೆಯ ಸಲದ ಜ್ವರ

ಮರಾಠಿ ಸೀಮೆಯ ಖಡಕಿಯಲ್ಲಿ ಅಕ್ಕನ ಮನೆಯೂ ನನ್ನ ಮನೆಯೂ ಒಂದೇ ಓಣಿಯಲ್ಲಿದ್ದವು. ಭಾವ ಮದ್ದುಗುಂಡಿನ ಕಾರ್ಖಾನೆಯ ನೌಕರ. ಮದುವೆಯಾಗಿ ವಿಜಯಪುರದಿಂದ ಬಂದ ಅಕ್ಕ ನನಗೂ ಇಲ್ಲೇ ಗಂಡು ನೋಡಿ ತನ್ನ ಬಳಿಗೆ ಎಳೆದುಕೊಂಡಿದ್ದಳು. ಒಂದು ಮಳೆಗಾಲ ಇಬ್ಬರಿಗೂ ಒಟ್ಟಿಗೇ ಡೆಂಗಿ ಬಂತು. ಒಂದೇ ಕೋಣೆಯಲ್ಲಿ ಮಲಗಿ, ಒಬ್ಬರ ನರಳಾಟಕ್ಕೆ ಇನ್ನೊಬ್ಬರು ನಕ್ಕು, ಗುಣವಾಗಿ ಎದ್ದೆವು.

ಕೆಲವು ವರ್ಷಗಳ ನಂತರ ಅಕ್ಕನಿಗೆ ಮತ್ತೆ ಡೆಂಗಿ ಬಂದಾಗ ಯಾರೂ ಗಾಬರಿಯಾಗಲಿಲ್ಲ.

"ಒಮ್ಮೆ ಬಂದು ಹೋಗೇದಲ್ಲ. ಮೈಗೆ ಅದರ ಗುರುತು ಅದ, ಈ ಸಲ ಲಗೂನ ಓಡಸ್ತದ," ಎಂದು ಅವಳೇ ಅಂದಳು. ದಡಾರ ಒಮ್ಮೆ ಬಂದರೆ ಮತ್ತೆ ಬರುವುದಿಲ್ಲವೆಂದು ಕೇಳಿ ಬೆಳೆದವರು ನಾವು, ನಂಬಿದೆವು.

ಜ್ವರ ಇಳಿದ ಬೆಳಿಗ್ಗೆ ಅವಳು ತಲೆ ಬಾಚಿಕೊಂಡು ಚಹಾ ಕೇಳಿದಳು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಕುಳಿತಳು. ಮುಟ್ಟಿದರೆ ಕೈ ತಣ್ಣಗೆ, ಅಂಟಂಟು.

"ಜ್ವರ ಇಲ್ಲಲ್ಲ, ಮತ್ಯಾಕ ಹಿಂಗ?" ಎಂದು ನನ್ನನ್ನೇ ಕೇಳಿದಳು.

ಭಾವನಿಗೆ ಫೋನ್ ಮಾಡಿ, ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ವೈದ್ಯೆ ಧಾರವಾಡದ ಕಡೆಯವರು. ಸಲೈನ್ ಹಚ್ಚಿಸಿ ಹೊರಗೆ ಬಂದು ಕೇಳಿದರು: "ಮೊದಲ ಡೆಂಗಿ ಆಗಿತ್ತೇನ್ರಿ?"

"ಆಗಿತ್ರಿ. ಅದಕ್ಕ ಧೈರ್ಯದಿಂದ ಇದ್ವಿ," ಎಂದರು ಅಷ್ಟರಲ್ಲಿ ಬಂದಿದ್ದ ಭಾವ.

"ಡೆಂಗಿಯೊಳಗ ನಾಕು ಜಾತಿ ಅದಾವ್ರಿ. ಹಳೇ ಸೋಂಕು ನೆನಪಿಟ್ಟ ಟಿ ಕೋಶ, ಅಂದ್ರ ರೋಗದ ಕೂಡ ಹೊಡದಾಡೋ ರಕ್ತಕಣ, ಮೈಯಾಗ ಇರ್ತಾವ. ಮತ್ತ ಸೋಂಕು ಬಂದಾಗ ಸೈಟೊಕೈನ್ ಅನ್ನೋ ರಾಸಾಯನಿಕ ಹೊಂಟು ಅವನ್ನ ಎಬ್ಬಸ್ತದ. ಅದೇ ಜಾತಿ ಇದ್ರ ಹೊಡದು ಓಡಸ್ತಿದ್ವು. ಇದು ಬ್ಯಾರೆ ಜಾತಿ ಇರಬೇಕು. ಅವು ಎದ್ದಾವ, ಆದ್ರ ಸರಿಯಾಗಿ ಕೊಲ್ಲಲಿಕ್ಕೆ ಆಗವಲ್ತು. ತಾವೂ ಅದೇ ರಾಸಾಯನಿಕ ಸುರೀತಾವ. ಅದು ಹೆಚ್ಚಾದ್ರ ರಕ್ತನಾಳದ ಗ್ವಾಡಿ ಸಡಲ ಆಗ್ತದ. ಬ್ಯಾರೆ ಕಾರಣಾನೂ ಇರ್ತಾವ. ಒಟ್ಟಿನಾಗ ರಕ್ತನಾಳ ಸೋರಲಿಕ್ಕೆ ಹತ್ಯಾವ್ರಿ."

"ಜ್ವರ ಇಳದಿತ್ತಲ್ರಿ?" ಎಂದು ನಾನು ಕೇಳಿದೆ.

"ಇಳಿಯೂ ಹೊತ್ತಿನಾಗನ ಸೋರೂದು ಹೆಚ್ಚು."

ಅಕ್ಕನ ಹೊಟ್ಟೆಯಲ್ಲೂ ಎದೆಯಲ್ಲೂ ನೀರು ತುಂಬಿತು. ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ನನ್ನ ಸೆರಗು ಹಿಡಿದು, "ನೀ ಮಾತಾಡು, ನಾ ಕೇಳ್ತೀನಿ," ಎಂದಳು. ಊರಿನ ಸುದ್ದಿ, ನೆರೆಮನೆಯ ಜಗಳ, ಬಾಯಿಗೆ ಬಂದದ್ದೆಲ್ಲ ಹೇಳುತ್ತಲೇ ಇದ್ದೆ. ಮರುದಿನ ಹೋಗಿಬಿಟ್ಟಳು.

ಮಾತಾಡಿಸಲು ಬಂದ ಮುದುಕಿಯೊಬ್ಬಳು, "ಪಾಪ, ತಡಕೊಳ್ಳೋ ಶಕ್ತಿ ಇರಲಿಲ್ಲ," ಎಂದಳು. ಶಕ್ತಿ ಇತ್ತು, ಆ ಶಕ್ತಿಯೇ ಕೊಂದಿತೆಂದು ಹೇಳಹೋದೆ. ಅವಳು ನನ್ನ ತಲೆ ಸವರಿ ಎದ್ದುಹೋದಳು.

ನನಗೂ ಅಕ್ಕನ ಜೊತೆಗೇ ಡೆಂಗಿ ಬಂದಿತ್ತೆಂದು ವೈದ್ಯೆಗೆ ಹೇಳಿದ್ದೆ. "ಹಂಗಿದ್ರ ಜ್ವರ ಬಂದ ದಿನಾನ ಬರ್ರಿ. ಇಳೀತು ಅಂತ ಮನ್ಯಾಗ ಕೂಡಬ್ಯಾಡ್ರಿ," ಎಂದಿದ್ದರು.

ಹೋದ ಮಳೆಗಾಲದಲ್ಲಿ ನನಗೆ ಜ್ವರ ಬಂತು. ಅದೇ ದಿನ ಆಸ್ಪತ್ರೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟೆ. ಸುದ್ದಿ ಕೇಳಿ ಭಾವ ಕೆಲಸ ಬಿಟ್ಟು ಬಂದು, ಪ್ರಯೋಗಾಲಯದ ಬಾಗಿಲಲ್ಲಿ ನಿಂತುಬಿಟ್ಟರು, ಕೂಡಿರೆಂದರೂ ಕೂಡಲಿಲ್ಲ. ಡೆಂಗಿ ಅಲ್ಲವೆಂದು ತಿಳಿದಾಗ ಗೋಡೆಯ ಕಡೆ ಮುಖ ಮಾಡಿ ಅತ್ತರು. ನಾನು ಅವರ ಬೆನ್ನ ಹಿಂದೆ, ಇನ್ನೂ ಸುಡುವ ಮೈಯಲ್ಲಿ ನಿಂತಿದ್ದೆ.