ನಾಲ್ಕು ಸಲ ಲೈನಿಗೆ ನಿಂತ ಅಜ್ಜಿ

ಮೇಜಿನ ಮೇಲಿನ ಟೈಮರ್ ಕಿರ್ರೆಂದಾಗ ಎದುರಿಗಿದ್ದ ದೇವಸಮುದ್ರದ ಅಜ್ಜಿ ಬೆಚ್ಚಿಬಿದ್ದರು. “ಇದ್ಯಾಕವ್ವ ಹಿಂಗೆ ಬಡ್ಕಂತೈತೆ?”

ಚಳ್ಳಕೆರೆಯ ನಮ್ಮ ಮೊಬೈಲ್ ಕಂಪನಿ ಕಚೇರಿಯಲ್ಲಿ ಒಬ್ಬ ಗ್ರಾಹಕರಿಗೆ ಮೂರೇ ನಿಮಿಷ ಎಂದು ಮೇಲಿನವರು ಹೊಸ ನಿಯಮ ಮಾಡಿದ್ದರು. ಮೀರಿದರೆ ನನಗೆ ನೋಟಿಸ್. ಅಜ್ಜಿ ಬಂದಿದ್ದು, ತೀರಿಕೊಂಡ ಗಂಡನ ನಂಬರನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು. ಅದು ಮೂರು ನಿಮಿಷದ ಕೆಲಸವಲ್ಲ. ಅಳುಕುತ್ತಲೇ ವಿಷಯ ಹೇಳಿದೆ.

“ನಿಂಗೆ ಬೈಗುಳ ಬೀಳೋದು ಬ್ಯಾಡವ್ವ. ಮತ್ತೆ ಲೈನಿಗೆ ನಿಂತು ಬರ್ತೀನಿ” ಎಂದು ಅಜ್ಜಿ ನೋಯುವ ಕಾಲೆಳೆಯುತ್ತ ಹೋಗಿ ಕೊನೆಯಲ್ಲಿ ನಿಂತರು. ಹೀಗೆ ನಾಲ್ಕು ಸಲ ಬಂದು ಕೂತ ಮೇಲೆ ನಂಬರ್ ಅವರದಾಯಿತು.

ಮರುದಿನ ಮೇಲಿನಿಂದ ಶಹಬ್ಬಾಸ್ ಬಂತು. ಅತಿ ಹೆಚ್ಚು ಗ್ರಾಹಕರನ್ನು ನೋಡಿದವಳು ನಾನಂತೆ! ಅವರ ಎಣಿಕೆಯಲ್ಲಿ ಅಜ್ಜಿಯೊಬ್ಬರೇ ನಾಲ್ವರು. ನಗು ಬಂತು, ಜೊತೆಗೆ ಕಣ್ಣೂ ತುಂಬಿತು.