ಕಾಣದ ಮಕ್ಕಳ ಕಾಲಿನ ಅಳತೆ

ಹನ್ನೊಂದು ವರ್ಷದ ಹಿಂದಿನ ನವೆಂಬರ್ ತಿಂಗಳು, ಏಡಿ ಹಿಡಿಯುವ ದೋಣಿಗಳು ಆ ಸಲ ಮೊದಲಿಗೆ ಕಡಲಿಗಿಳಿದ ವಾರ. ಬೆಳಿಗ್ಗೆ ಏಳೂ ಮುಕ್ಕಾಲು ಗಂಟೆ. ಕಾಮೆಗಾಸೆ ಪ್ರಾಥಮಿಕ ಶಾಲೆಯ ಬಾಗಿಲ ಒಳಗೆ, ಶೂ ಗೂಡುಗಳ ಮುಂದೆ, ನಾಲ್ಕನೇ ತರಗತಿಯ ಹುಡುಗನೊಬ್ಬ ಬಂದು ನಿಂತ. ಹದಿನಾಲ್ಕು ತಿಂಗಳಿಂದ ಶಾಲೆಯ ಕಡೆ ತಲೆ ಹಾಕದಿದ್ದವನು. ತನ್ನ ಹೆಸರಿನ ಗೂಡಿನಿಂದ, ಶಾಲೆಯೊಳಗೆ ಮಾತ್ರ ಹಾಕುವ ಬಿಳಿ ಶೂ ತೆಗೆದ. ಕಾಲು ತೂರಿಸಿದ. ಹಿಮ್ಮಡಿ ಒಳಗೆ ಹೋಗಲಿಲ್ಲ. ಮತ್ತೊಮ್ಮೆ ತೂರಿಸಿದ. ಹಿಂದಿನಿಂದ ಬೇರೆ ಮಕ್ಕಳು ಬರುವ ಸದ್ದಾಯಿತು. ಹುಡುಗ ಶೂಗಳನ್ನು ಇದ್ದ ಹಾಗೆಯೇ ಜೋಡಿಸಿ ಗೂಡಿನಲ್ಲಿಟ್ಟು ಮನೆಗೆ ಹೋದ. ಮತ್ತೆ ಬರಲಿಲ್ಲ.

ಅದನ್ನು ಕಂಡವರು ಒಬ್ಬರೇ. ಆ ಶಾಲೆಯಲ್ಲಿ ಕಸ ಗುಡಿಸಿ, ಚಳಿಗಾಲದಲ್ಲಿ ಒಲೆಗಳಿಗೆ ಸೀಮೆಎಣ್ಣೆ ತುಂಬಿಸಿ, ಕಟ್ಟಿಕೊಂಡ ಚರಂಡಿ ಬಿಡಿಸುತ್ತ ಮೂವತ್ತೊಂದು ವರ್ಷ ದುಡಿದ ಕಾಜಿತಾನಿ ಮಸಾಯೊ.

"ಆ ಶೂ ತೊಳೀತಾ ಇದ್ದವಳು ನಾನೇ ಕಣ್ರೀ," ಎನ್ನುತ್ತಾರೆ ಮಸಾಯೊ. "ಶುಕ್ರವಾರ ಮಕ್ಕಳೆಲ್ಲ ಶೂ ಮನೆಗೊಯ್ದು ತೊಳ್ಕೊಂಡು ಸೋಮವಾರ ತರ್ತಾರಲ್ಲ. ಇವನದನ್ನ ಯಾರು ತೊಳೀತಾರೆ ಅಂತ ನಾನೇ ತೊಳೆದು ಒಣಗಿಸಿ ಇಡ್ತಿದ್ದೆ. ಹದಿನಾಲ್ಕು ತಿಂಗಳು! ದೊಡ್ಡ ಉಪಕಾರ ಮಾಡ್ತಿದೀನಿ ಅಂದ್ಕೊಂಡಿದ್ದೆ. ಮಗೂ ಕಾಲು ಬೆಳೆಯುತ್ತೆ ಅನ್ನೋದು ತಲೇಗೇ ಹೊಳೀಲಿಲ್ಲ. ಎಸೆದು ಹೋಗಿದ್ರೂ ತಡ್ಕೋತಿದ್ದೆ. ಜೋಡಿಸಿಟ್ಟು ಹೋದ, ನೋಡಿ."

ಈಗ ಮಸಾಯೊ ಅವರಿಗೆ ಅರವತ್ತೆಂಟು. ಬಂದರಿನ ಮೀನು ಸೀಳುವ ಶೆಡ್ಡಿಗೆ ಬೆಳಿಗ್ಗೆ ಐದೂವರೆಗೆ ಹೋದರೆ ಅವರು ಅಲ್ಲಿ ಸಿಗುತ್ತಾರೆ. ಕಡಲ ಗಾಳಿಗೆ ತಗಡು ಅದುರುತ್ತಿರುತ್ತದೆ. ದೀಪದ ಕೆಳಗೆ ಸಾಲಾಗಿ ನಿಂತ ಹೆಂಗಸರ ಚಾಕುಗಳು ನಿಲ್ಲುವುದಿಲ್ಲ. ಮಸಾಯೊ ರಬ್ಬರ್ ಬೂಟು ಹಾಕಿಕೊಂಡು ಅವರ ಹಿಂದೆ ನಿಧಾನಕ್ಕೆ ನಡೆಯುತ್ತಾರೆ. ಒಬ್ಬೊಬ್ಬ ತಾಯಿ ಕತ್ತು ತಿರುಗಿಸಿ ನೋಡುತ್ತಾಳೆ, ತಲೆ ಅಲ್ಲಾಡಿಸುತ್ತಾಳೆ. ಇವತ್ತೂ ಇಲ್ಲ ಎಂದು ಅದರ ಅರ್ಥ.

ಮಗು ಶಾಲೆಗೆ ಬಾರದ ದಿನ ಬೆಳಿಗ್ಗೆಯೇ ಫೋನು ಮಾಡಿ ತಿಳಿಸಬೇಕು ಎಂಬುದು ಶಾಲೆಯ ನಿಯಮ. ಒಂದು ದಿನದ ಜ್ವರವಾದರೆ ಸರಿ. ವರ್ಷಗಟ್ಟಲೆ ಕೋಣೆಯಿಂದ ಹೊರಗೆ ಬಾರದ ಮಗುವಿನ ತಾಯಿ ಆ ಮಾತನ್ನು ದಿನಾ ಹೊಸದಾಗಿ ಹೇಳಬೇಕು. ಈಗ ಅದನ್ನು ಮಸಾಯೊ ಹೇಳುತ್ತಾರೆ. ಏಳೂವರೆಗೆ ಶೆಡ್ಡಿನ ಫೋನಿನಿಂದ ಶಾಲೆಗೆ ಹನ್ನೊಂದು ಹೆಸರು ಓದುತ್ತಾರೆ. ಹನ್ನೊಂದು ಸಲವೂ ಹೆಸರು ಪೂರ್ತಿ ಹೇಳುತ್ತಾರೆ. "ಅವೇ ಮಕ್ಕಳು" ಎಂದು ಒಂದೇ ಒಂದು ಸಲವೂ ಹೇಳಿದ್ದನ್ನು, ಈ ಊರಲ್ಲಿ ಎಪ್ಪತ್ತು ಚಳಿಗಾಲ ಕಂಡ ನಾನು ಕೇಳಿಲ್ಲ.

ಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೆ ಪುರಸಭೆಯವರು ಅವರನ್ನು, ಶಾಲೆಗೆ ಹೋಗದ ಮಕ್ಕಳ ತಂದೆತಾಯಿಗೆ ನೆರವಾಗುವ ಕೌಂಟರಿನಲ್ಲಿ ಕೂರಿಸಿದರು. ವಾರಕ್ಕೆ ಮೂರು ದಿನ, ಒಂಬತ್ತು ಗಂಟೆಗೆ ಬಾಗಿಲು. ಮೊದಲ ಎರಡು ತಿಂಗಳು ಒಬ್ಬರೂ ಬರಲಿಲ್ಲ. "ಒಂಬತ್ತಕ್ಕೆ ಅವರ ಕೈಯೆಲ್ಲ ಮೀನಿನ ಕರುಳು. ಕೌಂಟರ್‌ಗೆ ಹೇಗೆ ಬರ್ತಾರೆ? ಕೌಂಟರೇ ಹೋಗಬೇಕು," ಎಂದು ಮಸಾಯೊ ಬೂಟು ಹಾಕಿಕೊಂಡರು.

ಅವರ ಮುಖ್ಯ ಕೆಲಸ ಶೂ. ವರ್ಷಕ್ಕೆ ನಾಲ್ಕು ಸಲ, ಬಾರದ ಮಕ್ಕಳ ಗೂಡಿನಲ್ಲಿರುವ ಶೂ ಬದಲಾಗುತ್ತದೆ. ಕಾಲಿನ ಅಳತೆ ಬೇಕು, ಆದರೆ ಮಗುವನ್ನು ಕೇಳುವಂತಿಲ್ಲ. ಕೇಳಿದರೆ ಕೋಣೆಯ ಬಾಗಿಲು ಇನ್ನೊಂದು ತಿಂಗಳು ಮುಚ್ಚುತ್ತದೆ. ಹಾಗಾಗಿ ಮಗು ಸ್ನಾನ ಮುಗಿಸಿ ಹೋದ ಮೇಲೆ ಕಾಲೊರೆಸುವ ಚಾಪೆಯ ಮೇಲೆ ಉಳಿದ ಒದ್ದೆ ಹೆಜ್ಜೆಗೆ ತಾಯಿ ದಾರ ಹಿಡಿಯುತ್ತಾಳೆ. ಹೆಜ್ಜೆ ಒಣಗುವುದರೊಳಗೆ ಗಂಟು ಹಾಕಬೇಕು. ಆ ದಾರ ಬೆಳಿಗ್ಗೆ ಶೆಡ್ಡಿನಲ್ಲಿ ಮಸಾಯೊ ಕೈಗೆ ಬರುತ್ತದೆ. ತಾಯಿಯೇ ಶೂ ಕೊಂಡು, ತುದಿಗೂ ಹಿಮ್ಮಡಿಗೂ ತನ್ನ ಕೈಯಿಂದಲೇ ಹೆಸರು ಬರೆದು ಕೊಡುತ್ತಾಳೆ. ಅದು ಮನೆಯ ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ. ಮಸಾಯೊ ಕೈಯಿಂದ ನೇರ ಗೂಡಿಗೆ ಹೋಗುತ್ತದೆ.

ಮಿಹೊ ಎಂಬ ತಾಯಿ ಆರನೇ ತರಗತಿಯ ಮಗಳಿಗಾಗಿ ತಂದ ದಾರ ನೋಡಿ ಮಸಾಯೊ ಒಂದು ದಿನ ಶೆಡ್ಡಿನಲ್ಲೇ ಜೋರಾಗಿ ಕೇಳಿದ್ದರು.

"ಏನಮ್ಮಾ ಇದು, ಇಪ್ಪತ್ತಾರೂವರೆ ಸೆಂಟಿಮೀಟರ್? ನಿಮ್ಮ ಮಾವನೂ ಆರನೇ ಕ್ಲಾಸಿಗೆ ಸೇರ್ತಾರಾ?"

"ಅಯ್ಯೋ ಮಸಾ ಅಕ್ಕಾ! ಮಧ್ಯದಲ್ಲಿ ಅವರು ಸ್ನಾನಕ್ಕೆ ಹೋಗಿದ್ರು ಅನ್ಸುತ್ತೆ!"

"ಸೇರಿಸಿಬಿಡು," ಎಂದರು ಮೇಲ್ವಿಚಾರಕಿ ತೊಕಿವಾ, ಚಾಕು ನಿಲ್ಲಿಸದೆ. "ಮನೇಲಿ ಒಬ್ಬರಾದ್ರೂ ಸ್ಕೂಲಿಗೆ ಹೋದ ಹಾಗಾಗುತ್ತೆ."

ಎಲ್ಲರಿಗಿಂತ ಮೊದಲು ನಕ್ಕವಳು ಮಿಹೊ.

ಕಷ್ಟ ಬಂದದ್ದು ಶಾಲೆಯ ಕಡೆಯಿಂದ. ಮಕ್ಕಳ ಗೂಡಿಗೆ ಹೊರಗಿನವರು ಕೈ ಹಾಕಬಾರದು ಎಂದರು. ಮಸಾಯೊ ಪ್ರತಿ ತಾಯಿಯ ಒಪ್ಪಿಗೆ ಬರೆಸಿಕೊಂಡು ಬಂದರು. ಎರಡು ಮೂರು ವರ್ಷಕ್ಕೊಮ್ಮೆ ಹೆಡ್‌ಮಾಸ್ಟರ್ ಬದಲಾಗುತ್ತಾರೆ, ಮತ್ತೆ ಮೊದಲಿಂದ. "ಐದು ಜನರಿಗೆ ಐದು ಸಲ ಅದೇ ಕಥೆ. ಈಗ ನಡುವೆ ಟೀ ಕುಡಿಯೋ ಜಾಗಾನೂ ಗೊತ್ತಾಗಿದೆ," ಎಂದು ನಗುತ್ತಾರೆ.

ಇಷ್ಟು ವರ್ಷದಲ್ಲಿ ನಲವತ್ತಮೂರು ಮಕ್ಕಳು. ಹದಿನೆಂಟು ಮಂದಿ ಒಂದು ದಿನವೋ ನೂರು ದಿನವೋ ಶಾಲೆಗೆ ಬಂದರು. ಒಬ್ಬ ಹುಡುಗಿಗೆ ಎಂಟು ಜೊತೆ ಶೂ ಬದಲಾಯಿತು. ಒಂದನ್ನೂ ಅವಳು ನೋಡಲಿಲ್ಲ. ವ್ಯರ್ಥವಾಯಿತಲ್ಲ ಎಂದೆ. ಮಸಾಯೊ ನನ್ನ ಮುಖ ನೋಡಿದರು. "ಆ ಮಗೂಗೆ ಒಂದು ದಿನಾನೂ ಶೂ ಚಿಕ್ಕದಾಗಿರಲಿಲ್ಲ," ಎಂದರು.

ಈ ಚಳಿಗಾಲ ಎಲ್ಲರ ಚಿಂತೆ ಮಿಹೊ ಮಗಳದು. ಹಾಮುರಾ ನಾಗಿಸಾ, ಆರನೇ ತರಗತಿ. ಹದಿನೇಳು ತಿಂಗಳಿಂದ ಮನೆಯಲ್ಲೇ. ಮಾರ್ಚ್ ಹದಿನೆಂಟಕ್ಕೆ ಅವಳ ತರಗತಿಗೆ ಬೀಳ್ಕೊಡುಗೆ. ಅಂದು ಗೂಡುಗಳನ್ನು ಖಾಲಿ ಮಾಡಿ ಹೆಸರಿನ ಚೀಟಿ ಕೀಳುತ್ತಾರೆ. ಏಪ್ರಿಲ್‌ಗೆ ಅಲ್ಲಿ ಬೇರೆ ಮಗು. ಅಷ್ಟರೊಳಗೆ ಒಂದೇ ಒಂದು ದಿನ ಹೋಗಿ ಬರಲಿ ಎಂಬುದು ಮಿಹೊ ಆಸೆ. ಹೋಗದಿದ್ದರೆ ಮಗಳ ಪಾಲಿಗೆ ಆ ಶಾಲೆ ತಾನು ಬಿಟ್ಟು ಓಡಿಬಂದ ಜಾಗವಾಗಿಯೇ ಉಳಿಯುತ್ತದೆ ಎಂಬ ಹೆದರಿಕೆ.

ಮಾರ್ಚ್ ಹತ್ತನೇ ತಾರೀಖು ಮಂಗಳವಾರ ಮಿಹೊ ಶೆಡ್ಡಿಗೆ ಬಂದವಳೇ ಚಾಕು ಹಿಡಿಯದೆ ನಿಂತಳು. "ಅಕ್ಕಾ, ನಿನ್ನೆ ಅನ್ನ ತಿನ್ನುವಾಗ ಕೇಳಿದಳು. ನನ್ನ ಶೂ ಇನ್ನೂ ಅಲ್ಲೇ ಇದೆಯಾ ಅಂತ."

"ನೀವೇನಂದ್ರಿ?"

"ಇದೆ ಅಂದೆ. ಅಷ್ಟೇ."

"ಆಮೇಲೆ?"

"ಆಮೇಲೆ ಉಪ್ಪಿನಕಾಯಿ ಮೂಲಂಗಿ ಬೇಕಾ ಅಂದೆ."

"ಭೇಷ್," ಎಂದರು ಮಸಾಯೊ. "ಇನ್ನೊಂದು ಮಾತು ಸೇರಿಸಿದ್ರೆ ಕೆಡ್ತಿತ್ತು."

ಬುಧವಾರ ಏನೂ ಆಗಲಿಲ್ಲ. ಗುರುವಾರ ಬೆಳಿಗ್ಗೆ ಮಿಹೊ ಎಂದಿನಂತೆ ತಲೆ ಅಲ್ಲಾಡಿಸಿದಳು. ಏಳೂವರೆಗೆ ಮಸಾಯೊ ಹನ್ನೊಂದು ಹೆಸರು ಓದಿ ಫೋನು ಇಟ್ಟರು. ಎಂಟಕ್ಕೆ ಹತ್ತು ನಿಮಿಷವಿದ್ದಾಗ ಅದೇ ಫೋನು ಬಡಿದುಕೊಂಡಿತು. ತೊಕಿವಾ ಎತ್ತಿದರು. ಆ ಕಡೆ ನಾಗಿಸಾಳ ಅಜ್ಜ.

"ಹಾಮುರಾ! ನಿಮ್ಮ ಮಾವ! ಮಗು ಬ್ಯಾಗ್ ಹಾಕ್ಕೊಂಡು ಹೊರಟೋದಳಂತೆ! ಹಿಂದೆ ಹೋಗ್ಲಾ ಬೇಡ್ವಾ ಅಂತ ಕೇಳ್ತಿದಾರೆ!"

"ಬೇಡ!" ಎಂದರು ಮಸಾಯೊ ಮತ್ತು ಮಿಹೊ ಒಟ್ಟಿಗೆ.

ಮಸಾಯೊ ಶಾಲೆಗೆ ಓಡಲಿಲ್ಲ. ಗೂಡಿನ ಹತ್ತಿರ ತಾವು ನಿಲ್ಲಬಾರದು ಎಂಬುದು ಅವರೇ ಹಾಕಿಕೊಂಡ ಕಟ್ಟು. ಶಾಲೆಗೆ ಮತ್ತೆ ಫೋನು ಮಾಡಿದರು. "ಈಗ ಹೇಳಿದ್ದರಲ್ಲಿ ಒಂದು ತಪ್ಪಾಗಿದೆ, ಕ್ಷಮಿಸಿ," ಎಂದರು. ಇಷ್ಟು ವರ್ಷಗಳಲ್ಲಿ ಅದು ಮೊದಲ ತಪ್ಪು. ಹೇಳುವಾಗ ಬೆನ್ನು ಬಾಗಿಸಿ ನಮಸ್ಕಾರ ಮಾಡುತ್ತಲೇ ಇದ್ದರು, ಫೋನಿನಲ್ಲಿ ಯಾರಿಗೂ ಕಾಣದಿದ್ದರೂ.

ನಾಗಿಸಾ ಗೂಡಿನ ಶೂ ಹಾಕಿಕೊಂಡು ಒಳಗೆ ಹೋಗಿ, ಎರಡನೇ ಪಾಠದಿಂದ ತರಗತಿಯಲ್ಲಿ ಕೂತಳು. ಊಟದ ಹೊತ್ತಿಗೆ ಮೀನಿನ ಸಾರು ಎರಡು ಸಲ ಹಾಕಿಸಿಕೊಂಡಳಂತೆ. ಆಮೇಲೆ ಮನೆಗೆ ಹೋದಳು. ಶುಕ್ರವಾರ ಬರಲಿಲ್ಲ. ಬೀಳ್ಕೊಡುಗೆಗೂ ಬರಲಿಲ್ಲ.

ನಿಮಗೇನು ಆಸೆ ಎಂದು ಮಸಾಯೊ ಅವರನ್ನು ಕೇಳಿದೆ. "ಆ ಮಗು ದಾರೀಲಿ ಎದುರಾದ್ರೆ ನಾನು ಯಾರು ಅಂತ ಗೊತ್ತಾಗಬಾರದು. ಯಾವುದೋ ಮುದುಕಿ ಅಂತ ಪಕ್ಕಕ್ಕೆ ಸರಿದು ಹೋಗಬೇಕು. ಅಷ್ಟೇ," ಎಂದರು.

ಶೆಡ್ಡಿನ ಹೆಂಗಸರು ಈಗಲೂ ಮಾತಾಡಿಕೊಳ್ಳುವುದು ಅವಳು ಬಾರದ ದಿನಗಳ ಬಗ್ಗೆ ಅಲ್ಲ, ಬಂದ ಆ ಒಂದು ದಿನದ ಬಗ್ಗೆ. ಹಾಮುರಾ ನಾಗಿಸಾ ಮನೆಯಿಂದ ಹೊರಟದ್ದು ಮಾರ್ಚ್ ಹನ್ನೆರಡು, ಗುರುವಾರ.